ಗಾಳಿ ಶುದ್ಧ ಮಾಡುವ ಪಾಚಿ ತೊಟ್ಟಿ: ಆರು ಸಾವಿರ ಕೊಡಬಹುದಾ?

ಮೊಬೈಲ್ ತೆಗೆದರೆ ಸಾಕು, ಈ ಹಸಿರು ನೀರಿನ ಗಾಜಿನ ತೊಟ್ಟಿಯ ಜಾಹೀರಾತು ಬರುತ್ತದೆ ಅಲ್ವಾ? ಮೇಲೆ ಎಲ್‌ಇಡಿ ದೀಪ, ಒಳಗೆ ಗುಳ್ಳೆ, ಪಕ್ಕದಲ್ಲಿ ನಗುವ ಮಗು. ಅದೇ ತೊಟ್ಟಿ ಈಗ ಕಾರವಾರದಲ್ಲಿ ನಮ್ಮ ಮನೆಯ ಹಾಲ್‌ನಲ್ಲಿದೆ, ಬೇಸಿಗೆ ಮಳೆಗಾಲ ಎರಡನ್ನೂ ಕಂಡಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಮಾಲು ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಸಿಗುತ್ತಿದೆ, ಹಾಗಾಗಿ ಹೆಸರಿನಿಂದ ಪ್ರಯೋಜನವೂ ಇಲ್ಲ.

ಬೆಲೆ ಆರು ಸಾವಿರ ಚಿಲ್ಲರೆ. ಡಬ್ಬಿಯಲ್ಲಿ 10 ಲೀಟರಿನ ತೊಟ್ಟಿ, 15 ವ್ಯಾಟ್ ದೀಪ, 4 ವ್ಯಾಟಿನ ಏರ್ ಪಂಪು, ಲವಣದ ಪುಡಿ, ಸೋಸುವ ಬಟ್ಟೆ, ಮತ್ತೆ ಒಂದು ಬಾಟಲಿಯಲ್ಲಿ ಸ್ಪಿರುಲಿನಾ ಎಂಬ ಜೀವಂತ ಪಾಚಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದನ್ನು ನೀರಿಗೆ ಸುರಿದು ಬಿಟ್ಟರೆ ಆಯಿತು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ರಾತ್ರಿ ತೆರೆದಿಡಬೇಕು. ನಮ್ಮದು ಬಾವಿ ನೀರು, ಬೇಸಿಗೆಯಲ್ಲಿ ಸ್ವಲ್ಪ ಉಪ್ಪು. ಪಾಚಿ ಅದಕ್ಕೆಲ್ಲ ಕ್ಯಾರೇ ಅನ್ನಲಿಲ್ಲ.

ಬೆಳೆಯುವುದಂತೂ ಚೆನ್ನಾಗಿ ಬೆಳೆಯುತ್ತದೆ. ಸ್ಪಿರುಲಿನಾಕ್ಕೆ 30ರಿಂದ 35 ಡಿಗ್ರಿ ಸೆಖೆ ಬೇಕು, ಅಂದರೆ ನಾವು ಬೆವರು ಒರೆಸಿಕೊಂಡು ಕೂತಿರುವ ಏಪ್ರಿಲ್ ತಿಂಗಳು ಅದಕ್ಕೆ ಹಬ್ಬ. ಈ ವಿಷಯದಲ್ಲಿ ಬೆಂಗಳೂರಿನವರಿಗಿಂತ ಕರಾವಳಿಯವರೇ ಅದೃಷ್ಟವಂತರು.

ಈಗ ಡಬ್ಬಿಯ ಮೇಲಿನ ಮಾತಿಗೆ ಬರೋಣ. "20 ಮರಗಳಷ್ಟು ಕಾರ್ಬನ್ ಡೈಆಕ್ಸೈಡ್ ಹೀರುತ್ತದೆ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ 2021ರಲ್ಲಿ ಬೀದಿ ಬದಿಗೆ ಇಂಥದೇ ಒಂದು ದೊಡ್ಡ ಪಾಚಿ ತೊಟ್ಟಿ ಇಟ್ಟರು. ಅದರಲ್ಲಿ ಹಿಡಿಯುವುದು 600 ಲೀಟರ್ ನೀರು. ಅದನ್ನು ಮಾಡಿದವರೇ ಹೇಳಿಕೊಂಡಿದ್ದು ಹತ್ತು ವರ್ಷದ ಎರಡು ಮರಕ್ಕೆ ಸಮ ಎಂದು. 600 ಲೀಟರಿಗೆ ಎರಡು ಮರ, ನಮ್ಮ 10 ಲೀಟರಿಗೆ 20! ಯಾವ ಶಾಲೆಯ ಲೆಕ್ಕವೋ.

ಲೆಕ್ಕ ಕಷ್ಟವೇನಿಲ್ಲ. ಒಣಗಿದ ಪಾಚಿಯಲ್ಲಿ ಅರ್ಧದಷ್ಟು ಇಂಗಾಲವೇ ಇರುತ್ತದೆ, ಹಾಗಾಗಿ 1 ಕೆಜಿ ಪಾಚಿ ಬೆಳೆಯಲು ಸುಮಾರು 1.8 ಕೆಜಿ ಕಾರ್ಬನ್ ಡೈಆಕ್ಸೈಡ್ ಬೇಕು. ಕೇಳಲು ಭರ್ಜರಿಯಾಗಿದೆ. ಆದರೆ ಮನೆಯ ತೊಟ್ಟಿಯಲ್ಲಿ ಚೆನ್ನಾಗಿ ಬೆಳೆದರೂ ದಿನಕ್ಕೆ ಲೀಟರಿಗೆ 0.1 ಗ್ರಾಂ ಆಸುಪಾಸು, 10 ಲೀಟರಿಗೆ 1 ಗ್ರಾಂ. ಹೀರಿದ್ದು 2 ಗ್ರಾಂ ಒಳಗೆ. ಒಬ್ಬ ಮನುಷ್ಯ ಸುಮ್ನೆ ಉಸಿರಾಡಿಯೇ ದಿನಕ್ಕೆ ಹತ್ತಿರ ಹತ್ತಿರ 1 ಕೆಜಿ ಬಿಡುತ್ತಾನೆ.

ಅದೂ ಹೋಗಲಿ, ಕರೆಂಟಿನ ಲೆಕ್ಕ ನೋಡಿ. ದೀಪ 12 ತಾಸು, ಪಂಪು 24 ತಾಸು, ಸೇರಿ ದಿನಕ್ಕೆ ಕಾಲು ಯೂನಿಟ್ ದಾಟುತ್ತದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿಯಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ 2 ಗ್ರಾಂ ಹಿಡಿಯಲು ಬೇರೆಲ್ಲೋ 190 ಗ್ರಾಂ ಬಿಟ್ಟ ಹಾಗಾಯಿತು. (ಕದ್ರಾದ ಜಲವಿದ್ಯುತ್, ಕೈಗಾದ ಅಣುವಿದ್ಯುತ್ ಎರಡೂ ಪಕ್ಕದಲ್ಲೇ ಇವೆಯಲ್ಲ ಅನ್ನಬೇಡಿ, ಗ್ರಿಡ್‌ಗೆ ನಮ್ಮೂರು ನಿಮ್ಮೂರು ಅಂತಿಲ್ಲ.)

ಇನ್ನೂ ತಮಾಷೆ ಆ ಲವಣದ ಪುಡಿಯಲ್ಲಿದೆ. ಅದರಲ್ಲಿ ಬಹುಪಾಲು ಅಡುಗೆ ಸೋಡಾ, ಸೋಡಿಯಂ ಬೈಕಾರ್ಬನೇಟ್. ಸ್ಪಿರುಲಿನಾ ಕ್ಷಾರದ ನೀರಿನಲ್ಲಿ ಬೆಳೆಯುವಂಥದ್ದು, ಮೊದಲು ತಿನ್ನುವುದೇ ಈ ಸೋಡಾದ ಇಂಗಾಲವನ್ನು. ಅದು ಖಾಲಿಯಾಗುತ್ತ ನೀರಿನ ಪಿಎಚ್ (ಕ್ಷಾರ ಎಷ್ಟಿದೆ ಎನ್ನುವ ಅಳತೆ) 10ರ ಮೇಲೆ ಏರಿದ ಮೇಲೆ ನಿಧಾನವಾಗಿ ಗಾಳಿಯಿಂದ ಎಳೆದುಕೊಳ್ಳುತ್ತದೆ. ಆದರೆ ಕೈಪಿಡಿ ಏನು ಹೇಳುತ್ತದೆ? ಪ್ರತಿ ಕೊಯ್ಲಿಗೂ ಹೊಸ ಪುಡಿ ಹಾಕಿ, ನಮ್ಮಲ್ಲೇ ಕೊಳ್ಳಿ! ಅಂದರೆ ಹಾಲ್‌ನ ಗಾಳಿಯನ್ನು ಅದು ಮುಟ್ಟುವುದೇ ಅಪರೂಪ.

ಹಾಗಂತ ಪಾಚಿಯ ವಿದ್ಯೆಯೇ ಬೋಗಸ್ ಅಲ್ಲ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು 0.04 ಶೇಕಡಾ ಮಾತ್ರ, ಕಲ್ಲಿದ್ದಲು ಬಾಯ್ಲರ್‌ನ ಹೊಗೆಯಲ್ಲಿ 12ರಿಂದ 15 ಶೇಕಡಾ. ಅಂಥ ಚಿಮಣಿಯ ಪಕ್ಕದಲ್ಲಿ, ಬಿಸಿಲು ಬೀಳುವ ಬಯಲು ಕೊಳದಲ್ಲಿ ಬೆಳೆಸಿದರೆ ಆ ಮಾತು ಬೇರೆ. ಒಡಿಶಾದ ಅಂಗುಲ್‌ನಲ್ಲಿ ಸರ್ಕಾರಿ ಅಲ್ಯೂಮಿನಿಯಂ ಕಂಪನಿ ನಾಲ್ಕೋದವರು ತಮ್ಮ ವಿದ್ಯುತ್ ಸ್ಥಾವರದಲ್ಲಿ ಇಂಥ ಪ್ರಯೋಗ ಮಾಡಿದ್ದಾರೆ. ಅಲ್ಲೂ ಜಾಗ ಎಕರೆಗಟ್ಟಲೆ ಬೇಕು. ಬೆಳೆದ ಪಾಚಿಯನ್ನು ಏನು ಮಾಡುತ್ತೀರಿ ಅನ್ನುವ ಪ್ರಶ್ನೆಯೂ ಇದೆ. ತಿಂದರೆ, ಕೊಳೆತರೆ, ಸುಟ್ಟರೆ ಆ ಇಂಗಾಲ ಮತ್ತೆ ಗಾಳಿಗೇ ಬರುತ್ತದೆ.

ಮಳೆಗಾಲದಲ್ಲಿ ಇದರ ಗೋಳು ಬೇರೆ. ಜೂನ್ ಜುಲೈನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ನಿಮಗೆ ಗೊತ್ತಲ್ಲ. ಪಂಪು ನಿಂತ ಕೂಡಲೇ ಪಾಚಿ ಮೇಲೆ ತೇಲಿ ಕೆನೆಗಟ್ಟುತ್ತದೆ, ಕತ್ತಲೆಯಲ್ಲಿ ಅದೂ ನಮ್ಮ ಹಾಗೆ ಆಮ್ಲಜನಕ ತೆಗೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಒಂದು ಸಲ ದೊಡ್ಡ ಮಳೆಗೆ ಲೈನ್ ಹೋಗಿ, ಬರುವಷ್ಟರಲ್ಲಿ ತೊಟ್ಟಿ ಹಳದಿಯಾಗಿ ನಾರುತ್ತಿತ್ತು. ಆಯಿ ಮೂಗು ಮುಚ್ಚಿಕೊಂಡು, "ಶುದ್ಧ ಮಾಡೂದು ಅಂದ್ರೆ ಇದೇಯನಾ?" ಎಂದು ಕೇಳಿದಳು. ಉಪ್ಪು ಗಾಳಿಗೆ ಅಡಾಪ್ಟರ್ ಪಿನ್ ಕೂಡ ತುಕ್ಕು ಹಿಡಿಯಿತು. ಫೋನ್ ಮಾಡಿದರೆ, ಸಮುದ್ರ ತೀರದ ಊರಿಗೆ ಅದರ ವಾರಂಟಿ ಬರುವುದಿಲ್ಲವಂತೆ.

ಮಗಳಿಗೆ ಮಾತ್ರ ಖುಷಿಯೋ ಖುಷಿ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟು ಆ ಸುರುಳಿ ಎಳೆಗಳನ್ನು ನೋಡಿ ಬಂದಳು. ಅದಕ್ಕೇ ಎರಡು ಸ್ಟಾರ್ ಕೊಡುತ್ತಿದ್ದೇನೆ. ಪಾಚಿಯನ್ನು ನಾವು ತಿನ್ನಲಿಲ್ಲ. ಡಬ್ಬಿಯ ಮುಂದೆ ಹಸಿರು ಜ್ಯೂಸಿನ ಫೋಟೋ, ಹಿಂದೆ ಸಣ್ಣಕ್ಷರದಲ್ಲಿ "ಸೇವನೆಗೆ ಅಲ್ಲ" ಎಂದಿದೆ.

ಮಕ್ಕಳಿಗಾಗಿ ಬೇಕೇ ಬೇಕು ಅನ್ನುವವರು ಪಾಚಿಯ ಬಾಟಲಿ ಮಾತ್ರ ತರಿಸಿ. ದೊಡ್ಡ ಗಾಜಿನ ಭರಣಿ, ಬೆಳಕು ಬರುವ ಕಿಟಕಿ, ಮೀನಿನ ತೊಟ್ಟಿ ಮಾರುವ ಅಂಗಡಿಯ ಪಂಪು, ಕಿರಾಣಿ ಅಂಗಡಿಯ ಅಡುಗೆ ಸೋಡಾ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಉಳಿದ ಲವಣದ ಪೊಟ್ಟಣ ಬಿಡಿಯಾಗಿ ಸಿಗುತ್ತದೆ. ಮಳೆಗಾಲ ಕಳೆದ ಮೇಲೆ ಶುರು ಮಾಡಿ.