ಟ್ಯೂಬಿನ ಸೋಲಾರ್ ವಾಟರ್ ಹೀಟರ್: ಕೊಳ್ಳಬಹುದು, ಆದರೆ ಕಾಯಿಲ್ ಮೇಲೆ ಕಣ್ಣಿರಲಿ

ಬಿಸಿಲು ಹೀರುವ 15 ಗಾಜಿನ ಟ್ಯೂಬು, 150 ಲೀಟರ್ ಟ್ಯಾಂಕು. ನಾಲ್ಕೈದು ಜನರ ಮನೆಗೆ ಸಾಮಾನ್ಯವಾಗಿ ಹಾಕುವ ಅಳತೆ ಇದು. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಬಿಸಿಲೇ ಕಾಯಿಸಿಕೊಟ್ಟರೆ ಸುಮಾರು 4 ಯೂನಿಟ್ ಕರೆಂಟು ಉಳಿಯಿತು. ಪಂಪು ಬೇಡ, ಇನ್ವರ್ಟರ್ ಬೇಡ; ಕಾದ ನೀರು ಹಗುರಾಗಿ ತಾನಾಗಿ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಟ್ಯೂಬಿಗೆ ಇಳಿಯುತ್ತದೆ. ತಿರುಗುವ ಭಾಗಗಳೇ ಇಲ್ಲದಿರುವುದು ಇದರ ದೊಡ್ಡ ಗುಣ.

ಈ ಗುಣವನ್ನು ಹಾಳು ಮಾಡುವುದು ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಕೂಡಿಸುವ, ಕರೆಂಟಿನಿಂದ ನೀರು ಕಾಯಿಸುವ 2 ಕಿಲೋವ್ಯಾಟ್ ಕಾಯಿಲ್. ರಾತ್ರಿಯಿಡೀ ಆನ್ ಇದ್ದರೆ ಬೆಳಗಾಗುವಷ್ಟರಲ್ಲಿ ಟ್ಯಾಂಕು ಕಾದಿರುತ್ತದೆ, ಬಿಸಿಲಿಗೆ ಕೆಲಸವೇ ಉಳಿಯುವುದಿಲ್ಲ. ಹೆಸರಿಗೆ ಸೋಲಾರ್, ಬಿಲ್ಲಿಗೆ ಗೀಸರ್! ಕಾಯಿಲ್‌ಗೆ ಪ್ರತ್ಯೇಕ ಸ್ವಿಚ್ಚು, ಟೈಮರ್ ಹಾಕಿಸಿ. ಒಂದು ಗಂಟೆ ಓಡಿದರೆ 150 ಲೀಟರ್ ನೀರು ಸುಮಾರು 11 ಡಿಗ್ರಿ ಏರುತ್ತದೆ. ಎಷ್ಟು ಬೇಕೋ ಅಷ್ಟೇ ಓಡಿಸಿ.

ಇನ್ನೊಂದು ನಷ್ಟ ಪೈಪಿನಲ್ಲಿದೆ. 15 ಮಿ.ಮೀ. ಒಳವ್ಯಾಸದ ಪೈಪಿನ 20 ಮೀಟರಿನಲ್ಲಿ ಮೂರೂವರೆ ಲೀಟರ್ ನೀರು ನಿಂತು ತಣ್ಣಗಾಗುತ್ತದೆ. ಬಿಸಿನೀರು ಬರುವ ತನಕ ಅಷ್ಟೂ ಚರಂಡಿಗೆ. ಹಾಗಾಗಿ ಟ್ಯಾಂಕು ಬಚ್ಚಲಿಗೆ ಹತ್ತಿರವಿರಲಿ, ಬಿಸಿನೀರಿನ ಪೈಪಿಗೆ ಇನ್ಸುಲೇಷನ್ ಸುತ್ತಿರಲಿ.

ಟ್ಯೂಬಿನ ತುದಿಯಲ್ಲಿ ಬೆಳ್ಳಿ ಬಣ್ಣ ಹೊಳೆಯುತ್ತಿದ್ದರೆ ಅದರ ಎರಡು ಪದರ ಗಾಜಿನ ನಡುವೆ ಶಾಖ ಹಿಡಿದಿಡುವ ವ್ಯಾಕ್ಯೂಮ್ (ಗಾಳಿಯಿಲ್ಲದ ಜಾಗ) ಸರಿಯಿದೆ. ಅದು ಹಾಲಿನ ಬಿಳಿಗೆ ತಿರುಗಿದರೆ ಗಾಳಿ ಹೊಕ್ಕಿದೆ ಎಂದರ್ಥ. ಆ ಟ್ಯೂಬು ಒಡೆಯದಿದ್ದರೂ ಬದಲಿಸಿ. ಉರಿಬಿಸಿಲಲ್ಲಿ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸೀಳುತ್ತದೆ. ನೀರು ತುಂಬುವುದು ನಸುಕಿನಲ್ಲೇ ಆಗಲಿ.

ಗಡಸು ನೀರಿದ್ದರೆ ನಿಜಕ್ಕೂ ಯೋಚಿಸಬೇಕು. ಸುಣ್ಣ ಟ್ಯೂಬಿನ ತಳ ಸೇರುತ್ತದೆ, ಕಾಯಿಲ್ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಕ್ಲೋರೈಡ್ ಹೆಚ್ಚಿದ್ದರೆ ಸ್ಟೀಲ್ ಟ್ಯಾಂಕಿನ ಬೆಸುಗೆ ತೂತಾಗುತ್ತದೆ. ಟ್ಯಾಂಕಿನ ಬದಲು ತಾನು ಸವೆದು ಅದನ್ನು ಕಾಯುವ ಮೆಗ್ನೀಷಿಯಂ ಆನೋಡ್ ಕಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ, ಸವೆದಿದ್ದರೆ ಹೊಸದು ಹಾಕಿ. ಸುಣ್ಣ ವಿಪರೀತವೆನಿಸಿದರೆ ಟ್ಯೂಬಿನೊಳಗೆ ನೀರೇ ಇಳಿಯದ ಹೀಟ್ ಪೈಪ್ ಮಾದರಿ ಮೇಲು.

ಪ್ರೆಷರ್ ಪಂಪಿರುವ ಮನೆಗೆ ಸಾದಾ ಟ್ಯಾಂಕು ಬೇಡ, ಟ್ಯೂಬು ಟ್ಯಾಂಕಿಗೆ ಸೇರುವಲ್ಲಿನ ರಬ್ಬರ್ ರಿಂಗುಗಳಿಂದ ನೀರು ಸೋರುತ್ತದೆ. ಏರ್ ವೆಂಟ್ ಪೈಪನ್ನಂತೂ ಮುಚ್ಚಲೇಬಾರದು. ಮುಚ್ಚಿದರೆ ನೀರು ಇಳಿಯುವಾಗ ಗಾಳಿ ಸಿಗದೆ ಟ್ಯಾಂಕು ಒಳಕ್ಕೆ ಕುಸಿಯುತ್ತದೆ.

ಮಧ್ಯಾಹ್ನವೂ ಮಾಳಿಗೆಗೆ ನೆರಳು ಬೀಳುತ್ತಿದ್ದರೆ ಇದನ್ನು ಬಿಡಿ. ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸೇರಿಸುತ್ತ, 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ ಕೊಡುವ ಹೀಟ್ ಪಂಪ್ ಅಂಥ ಮನೆಗೆ ಒಗ್ಗುತ್ತದೆ.