ಕೊಳೆಮದ್ದಿನ ಪಂಪು ಗಟ್ಟಿ, ಕೈಪಿಡಿ ಸಡಿಲ

ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ಶಿರಸಿ ಪೇಟೆಯಲ್ಲಿ ಸಿಗುವ ಟೂ-ಸ್ಟ್ರೋಕ್ ಸ್ಪ್ರೇ ಪಂಪೊಂದರ ಜೊತೆ ಬರುವ ಕನ್ನಡ ಕೈಪಿಡಿಯ ವಿಮರ್ಶೆ ಇದು. ಪಂಪಿನ ಬಗ್ಗೆ ತಕರಾರಿಲ್ಲ. ಒತ್ತಡ ಇಳಿಯುವುದಿಲ್ಲ, ಪೈಪೂ ಗಟ್ಟಿ. ಸಂಕಟವೆಲ್ಲ ಪುಸ್ತಕದ್ದು.

‘ಪೆಟ್ರೋಲಿಗೆ ಸೂಕ್ತ ಪ್ರಮಾಣದಲ್ಲಿ ಎಣ್ಣೆಯು ಸೇರಿಸಲ್ಪಡತಕ್ಕದ್ದು’ ಎಂದಿದೆ. ಸೂಕ್ತ ಎಂದರೆ ಎಷ್ಟು? ಕೊನೆಯ ಪುಟದ ಕೋಷ್ಟಕದ ಮೂಲೆಯಲ್ಲಿ 25:1 ಎಂದು ಅಡಗಿ ಕೂತಿದೆ. ‘1 ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ ಎಣ್ಣೆ ಹಾಕಿ’ ಎಂದು ಅಲ್ಲೇ ಬರೆದಿದ್ದರೆ ಮುಗಿಯುತ್ತಿತ್ತು. ಕಡಿಮೆಯಾದರೆ ಪಿಸ್ಟನ್ ಜಾಮ್, ಜಾಸ್ತಿಯಾದರೆ ಹೊಗೆ, ಪ್ಲಗ್ಗಿಗೆ ಮಸಿ. ಈ ಕಾರಣ ತಿಳಿದವರು ಅಂದಾಜಿಗೆ ಸುರಿಯುವುದಿಲ್ಲ.

ಎಂಜಿನ್ ಚಾಲೂ ಮಾಡುವಾಗ ಗಾಳಿ ತಡೆಯುವ ಚೋಕ್ ಒಂದೇ, ಪುಸ್ತಕದಲ್ಲಿ ಅದು ಒಮ್ಮೆ ‘ಚೋಕ್’, ಒಮ್ಮೆ ‘ಶ್ವಾಸರೋಧಕ’, ಇನ್ನೊಮ್ಮೆ ‘ವಾಯುನಿಯಂತ್ರಕ ಸನ್ನೆ’. ಓದಿದವರು ಮೂರು ಭಾಗ ಹುಡುಕುತ್ತ ಕೂರಬೇಕು! ಬಿಡಿಭಾಗಗಳ ಚಿತ್ರ ಮಾತ್ರ ಚೊಕ್ಕವಾಗಿದೆ.

ನಿಜವಾದ ಅಪಾಯ ಕೊಳೆಮದ್ದಾದ ಬೋರ್ಡೋ ದ್ರಾವಣದ ಪುಟದಲ್ಲಿದೆ. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಅಳತೆ ಸರಿಯಾಗಿಯೇ ಇದೆ. ಆಮೇಲೆ ‘ಎರಡನ್ನೂ ಬೆರೆಸಿ’ ಎಂದು ಕೈತೊಳೆದುಕೊಂಡಿದ್ದಾರೆ. ಯಾವುದನ್ನು ಯಾವುದಕ್ಕೆ? 50 ಲೀಟರ್ ನೀರಲ್ಲಿ ಕರಗಿಸಿದ ಮೈಲುತುತ್ತವನ್ನು 50 ಲೀಟರ್ ಸುಣ್ಣದ ಹಾಲಿಗೆ ನಿಧಾನವಾಗಿ ಸುರಿಯಬೇಕು, ಕೋಲಿನಿಂದ ಕಲಕುತ್ತಲೇ ಇರಬೇಕು. ತಿರುವುಮುರುವಾದರೆ ಕಣ ದಪ್ಪವಾಗಿ ತಳಕ್ಕಿಳಿಯುತ್ತದೆ, ನಾಜಲ್ ಕಟ್ಟುತ್ತದೆ, ಅಡಿಕೆ ಗೊನೆಗೂ ಸರಿಯಾಗಿ ಅಂಟುವುದಿಲ್ಲ. ಕಬ್ಬಿಣದ ಪಾತ್ರೆ ಬಳಸಬಾರದೆಂಬ ಎಚ್ಚರಿಕೆ ಬರುವುದು ದ್ರಾವಣ ತಯಾರಾದ ಮೇಲೆ, ಎರಡು ಪುಟ ದಾಟಿ. ಎಚ್ಚರಿಕೆ ಹಂತಕ್ಕಿಂತ ಮೊದಲು ಬರಬೇಕು. ಡ್ರಮ್ ತುಂಬಿದ ಮೇಲೆ ಓದಿ ಏನು ಮಾಡುವುದು?

ಚಾಕುವಿನ ಪರೀಕ್ಷೆಯಂತೂ ಪೂರ್ತಿ ಬಿಟ್ಟೇಹೋಗಿದೆ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ಹಾಲು ಬೇಕು. ಬೆರೆಸಿದ ದಿನವೇ ಹೊಡೆದು ಮುಗಿಸಬೇಕೆಂಬುದೂ ಇಲ್ಲ. ಕೆಲಸವಾದ ಮೇಲೆ ಬರೀ ನೀರು ಓಡಿಸದಿದ್ದರೆ ವಾಲ್ವಿನಲ್ಲಿ ಸುಣ್ಣ ಕಚ್ಚಿಕೊಳ್ಳುತ್ತದೆ. ಅದಕ್ಕೆ ‘ಸ್ವಚ್ಛತೆ ಕಾಪಾಡಿ’ ಎಂಬ ಉಪದೇಶವಷ್ಟೇ.

ಪಂಪಿಗೆ ಐದಕ್ಕೆ ನಾಲ್ಕು, ಕೈಪಿಡಿಗೆ ಒಂದೂವರೆ. ಕೊಳ್ಳುವವರು ಮಾರ್ಕರ್ ಹಿಡಿದು ಪೆಟ್ರೋಲ್ ಕ್ಯಾನಿನ ಮೇಲೆ ‘ಲೀಟರಿಗೆ 40 ಮಿ.ಲೀ.’, ಡ್ರಮ್ಮಿನ ಮೇಲೆ ‘ಸುಣ್ಣಕ್ಕೆ ತುತ್ತ’ ಎಂದು ಬರೆದಿಡಿ. ಈ ತೆಳು ಕಾಗದದ ಪುಸ್ತಕ ಆಷಾಢದ ಎರಡನೇ ಮದ್ದಿನವರೆಗೆ ಉಳಿಯುವುದಿಲ್ಲ.