ರೋಮನ್ ನಾಣ್ಯದ ಬಿರುದು ಓದಲು ‘ಒಕ್ರೆ’: ಉಚಿತ, ಆದರೆ ತಾಳ್ಮೆ ಬೇಕು

ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಸೊಸೈಟಿಯ ‘ಒಕ್ರೆ’ ರೋಮನ್ ಸಾಮ್ರಾಜ್ಯದ ನಾಣ್ಯಮಾದರಿಗಳ ಆನ್‌ಲೈನ್ ಕ್ಯಾಟಲಾಗ್. ಖಾತೆಯೂ ಬೇಡ, ಶುಲ್ಕವೂ ಇಲ್ಲ. ಮೊದಲು ಚಕ್ರವರ್ತಿ, ಆಮೇಲೆ ಲೋಹ, ಟಂಕಸಾಲೆ ಆರಿಸಿ. ನಾಣ್ಯದ ಮೇಲಿನ ಬರಹದ ಹುಡುಕಾಟ ಕೊನೆಗಿರಲಿ. ಬರಹದಲ್ಲಿ ಲ್ಯಾಟಿನ್ ಅಕ್ಷರ ‘ಯು’ (U) ಬದಲು ‘ವಿ’ (V) ಹಾಕಬೇಕು. ಹೊಸಬರು ಎಡವುವುದು ಇಲ್ಲೇ.

ಇದರ ನಿಜವಾದ ಬಲ ಕಾಲನಿರ್ಣಯ. ಕ್ರಿ.ಪೂ. 27ರಲ್ಲಿ ಬಂದ ‘ಆಗಸ್ಟಸ್’ ಎಲ್ಲರಿಗೂ ಅಂಟಿಕೊಂಡ ಬಿರುದಾದ್ದರಿಂದ ವರ್ಷ ಹೇಳದು. ‘ಟ್ರಿಬ್ಯೂನಿಷಿಯಾ ಪೊಟೆಸ್ಟಾಸ್’ (ಟ್ರಿಬ್ಯೂನ್ ಅಧಿಕಾರ) ಪ್ರತಿವರ್ಷ ನವೀಕರಣವಾಗುತ್ತಿತ್ತು. ಪಕ್ಕದ ಅಂಕಿಯೇ ಸುಳಿವು. ಚಕ್ರವರ್ತಿ ಟ್ರಾಜನ್ ನಾಣ್ಯಗಳಲ್ಲಿ ಆ ಅಂಕಿ ಸಾಮಾನ್ಯವಾಗಿ ಇರದು, ಆಗ ಕಾನ್ಸಲ್ ಎಂಬ ಉನ್ನತ ಹುದ್ದೆಗೆ ಎಷ್ಟನೇ ಬಾರಿ ಎಂಬ ಸಂಖ್ಯೆ ನೋಡಿ: ಐದು ಎಂದಿದ್ದರೆ ಕ್ರಿ.ಶ. 103ರಿಂದ 111ರೊಳಗೆ. ‘ಇಂಪ್’ (‘ಇಂಪರೇಟರ್’ ಬಿರುದಿನ ಹ್ರಸ್ವರೂಪ) ಮಾತ್ರ ಮೋಸಗಾರ. ಆರಂಭದಲ್ಲಿದ್ದರೆ ಅದು ಹೆಸರಿನ ಭಾಗ, ಸಂಖ್ಯೆಯೊಡನೆ ಕೊನೆಯಲ್ಲಿದ್ದರೆ ವಿಜಯಘೋಷಗಳ ಎಣಿಕೆ. ಟೈಬೀರಿಯಸ್ ಅದನ್ನು ಹೆಸರಾಗಿ ಬಳಸಲೇ ಇಲ್ಲ.

ಚಂದ್ರವಳ್ಳಿ, ಯಶವಂತಪುರಗಳಲ್ಲಿ ಸಿಕ್ಕ ಆಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ಡಿನೇರಿಯಸ್‌ಗಳ ಮಾದರಿ ಹುಡುಕುವವರಿಗೂ ಇದು ಸಾಕು. ಆದರೆ ಟೈಬೀರಿಯಸ್‌ನ ‘ಪಾಂಟಿಫ್ ಮ್ಯಾಕ್ಸಿಮ್’ (ಪ್ರಧಾನ ಪುರೋಹಿತ) ಎಂಬ ಬರಹದ ಮಾದರಿಯಲ್ಲಿ ವರ್ಷದ ಅಂಕಿಯೇ ಇಲ್ಲ. ಅಲ್ಲಿ ಹಿಂಬದಿಯಲ್ಲಿ ಕುಳಿತ ಆಕೃತಿಯ ಸಿಂಹಾಸನದ ಕಾಲು, ಪೀಠದ ಗೆರೆಗಳನ್ನು ಹೋಲಿಸದೆ ಉಪಮಾದರಿ ಸಿಗದು.

ಕೊರತೆ? ಭಾರತದಲ್ಲೇ ಟಂಕಿಸಿದ ಅನುಕರಣೆ ನಾಣ್ಯಗಳಿಗೆ ಇಲ್ಲಿ ಜಾಗವಿಲ್ಲ, ಅವುಗಳ ಅಕ್ಷರ ಅಡ್ಡಾದಿಡ್ಡಿ ಇರುವುದರಿಂದ ಬರಹದ ಹುಡುಕಾಟವೂ ಕೈಕೊಡುತ್ತದೆ. ಕೆಲವು ಮಾದರಿಗಳಿಗೆ ಚಿತ್ರವಿಲ್ಲ. ಬೆಲೆ, ಅಸಲಿತನ ಕೇಳಲು ಬರುವವರು ಬೇರೆ ದಾರಿ ನೋಡಿಕೊಳ್ಳಬೇಕು.